ಹೂಡಿಕೆ ಅಡವಿಟ್ಟು ಇನ್ನಷ್ಟು ಕೊಳ್ಳುವ ಮುನ್ನ ಈ ಲೆಕ್ಕ ನೋಡಿ

2020ರ ಫೆಬ್ರುವರಿ 19ರಂದು ಅಮೆರಿಕದ ಸುಮಾರು 500 ದೊಡ್ಡ ಕಂಪನಿಗಳ ಷೇರು ಬೆಲೆಯನ್ನು ಅಳೆಯುವ ಎಸ್ ಅಂಡ್ ಪಿ 500 ಸೂಚ್ಯಂಕ ಅಲ್ಲಿಯವರೆಗಿನ ಗರಿಷ್ಠ ಮಟ್ಟದಲ್ಲಿತ್ತು. ಮಾರ್ಚ್ 23ಕ್ಕೆ ಅದು ಶೇ 34ರಷ್ಟು ಕುಸಿದಿತ್ತು. ಆಗಸ್ಟ್ 18ಕ್ಕೆ ಮತ್ತೆ ಹಳೆಯ ಗರಿಷ್ಠವನ್ನು ದಾಟಿತು. ಸ್ವಂತ ದುಡ್ಡಿನಲ್ಲಿ ಕೊಂಡು ಏನೂ ಮಾಡದೆ ಕೂತವರಿಗೆ ಆರು ತಿಂಗಳಲ್ಲಿ ಹೋದದ್ದೆಲ್ಲ ವಾಪಸ್ ಬಂತು. ಅದೇ ಆರು ತಿಂಗಳಲ್ಲಿ, ಅದೇ ಸೂಚ್ಯಂಕದ ಫಂಡನ್ನೇ ಇಟ್ಟುಕೊಂಡಿದ್ದ ಒಬ್ಬ ಉಳಿತಾಯಗಾರರ ಗಂಟಿನಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಕರಗಿಹೋಯಿತು. ಅವರು ಕೆಟ್ಟ ಕಂಪನಿಯ ಷೇರು ಆರಿಸಿರಲಿಲ್ಲ, ಹೆದರಿ ಮಾರಿರಲಿಲ್ಲ, ಅವರಿಗೆ ಯಾರೂ ಮೋಸವನ್ನೂ ಮಾಡಿರಲಿಲ್ಲ. ಇದ್ದ ಹೂಡಿಕೆಯನ್ನು ಬ್ರೋಕರ್ ಬಳಿ ಅಡವಿಟ್ಟು, ಆ ಸಾಲದಲ್ಲಿ ಇನ್ನಷ್ಟು ಕೊಂಡಿದ್ದರು, ಅಷ್ಟೆ.

ಪೇಟೆ ಅಲ್ಲಾಡಿದಾಗಲೆಲ್ಲ ‘ಈಗ ಅಗ್ಗ, ದುಡ್ಡಿಲ್ಲದಿದ್ದರೆ ಸಾಲ ಕೊಡುತ್ತೇವೆ’ ಎನ್ನುವ ಸಂದೇಶಗಳು ಫೋನಿಗೆ ಬರುತ್ತವೆ. ಆ ಗುಂಡಿ ಒತ್ತುವ ಮುನ್ನ ಈ ಖಾತೆಯಲ್ಲಿ ಏನಾಯಿತು ಎಂಬುದನ್ನು ದಯವಿಟ್ಟು ಪೂರ್ತಿ ಓದಿ. ಅಂಕಿಗಳನ್ನು ಲೆಕ್ಕಕ್ಕೆ ಸುಲಭವಾಗುವಂತೆ ದುಂಡಾಗಿಸಲಾಗಿದೆ.

ಸ್ವಂತದ್ದು 10 ಲಕ್ಷ, ಬ್ರೋಕರ್ ಕೊಟ್ಟ ಸಾಲ 10 ಲಕ್ಷ, ಒಟ್ಟು 20 ಲಕ್ಷದ ಸೂಚ್ಯಂಕ ಫಂಡ್. ಒಪ್ಪಂದದ ಪ್ರಕಾರ ಒಟ್ಟು ಮೌಲ್ಯದಲ್ಲಿ ಸಾಲ ಕಳೆದು ಉಳಿಯುವ ಸ್ವಂತ ಪಾಲು ಶೇ 30ಕ್ಕಿಂತ ಕೆಳಗಿಳಿಯಬಾರದು. ಇಳಿದರೆ ಮಾರ್ಜಿನ್ ಕಾಲ್ ಬರುತ್ತದೆ. ಎಂದರೆ, ದುಡ್ಡು ತುಂಬಬೇಕು, ಇಲ್ಲವೇ ಮಾರಬೇಕು. ಶುರುವಿನಲ್ಲಿ ಸ್ವಂತ ಪಾಲು ಶೇ 50 ಇತ್ತು. ಪೇಟೆ ಎಷ್ಟು ಬಿದ್ದರೆ ಈ ಮಿತಿ ಬರುತ್ತದೆ ಎಂದು ತಿಳಿಯಲು ಸಾಲವನ್ನು 0.70ರಿಂದ ಭಾಗಿಸಿ (ಸ್ವಂತ ಪಾಲು ಶೇ 30 ಆದಾಗ ಸಾಲ ಶೇ 70 ಆಗಿರುತ್ತದೆ). 10 ಲಕ್ಷಕ್ಕೆ ಉತ್ತರ 14.29 ಲಕ್ಷ. ಅಂದರೆ ಪೇಟೆ ಶೇ 28.6 ಬಿದ್ದಾಗ. ‘ಸೂಚ್ಯಂಕ ಅಷ್ಟು ಬೀಳುವುದು ಅಪರೂಪ, ಬೀಳುವಾಗ ನೋಡಿಕೊಂಡರಾಯಿತು’ ಎಂದುಕೊಳ್ಳುವವರೇ ಹೆಚ್ಚು. ಇವರೂ ಹಾಗೇ ಅಂದುಕೊಂಡಿದ್ದರು.

ಮಾರ್ಚ್ 18ರಂದು ಸೂಚ್ಯಂಕ ದಿನದ ನಡುವೆಯೇ ಶೇ 7 ಬಿದ್ದು ವಹಿವಾಟು 15 ನಿಮಿಷ ನಿಂತಿತು. ಆ ತಿಂಗಳಲ್ಲಿ ಹಾಗೆ ನಿಂತದ್ದು ಅದು ನಾಲ್ಕನೇ ಸಲ. 9, 12 ಮತ್ತು 16ರಂದೂ ನಿಂತಿತ್ತು. ಗರಿಷ್ಠದಿಂದ ಅಳೆದರೆ ಆವತ್ತು ದಿನದ ನಡುವೆ ಕುಸಿತ ಶೇ 30ರ ಗೆರೆಯನ್ನೂ ದಾಟಿತ್ತು. ಖಾತೆಯ ಮೌಲ್ಯ 14 ಲಕ್ಷ, ಸಾಲ ಹಾಗೇ 10 ಲಕ್ಷ, ಸ್ವಂತ ಪಾಲು 4 ಲಕ್ಷ, ಅಂದರೆ ಶೇ 28.6. ಮಿತಿ ಶೇ 30 ಇದ್ದಿದ್ದರೆ ಸುಮಾರು 67 ಸಾವಿರ ಮೌಲ್ಯದ ಯೂನಿಟ್ (ಫಂಡಿನ ಪಾಲು) ಮಾರಿದರೆ ಸಾಕಿತ್ತು. ಆದರೆ ಮಾರ್ಜಿನ್ ಕಾಲ್ ಬಂದ ಸಂದೇಶದ ಎರಡನೇ ಸಾಲಿನಲ್ಲಿ ಇನ್ನೊಂದು ವಿಷಯವಿತ್ತು: ಪೇಟೆಯ ಏರಿಳಿತದ ಕಾರಣ ಮಿತಿಯನ್ನು ಅವತ್ತಿನಿಂದಲೇ ಶೇ 40ಕ್ಕೆ ಏರಿಸಲಾಗಿದೆ.

ಹೆಚ್ಚಿನವರು ಎಡವುವುದು ಇಲ್ಲೇ. ಮಿತಿ ಎನ್ನುವುದು ಸಾಲ ಕೊಟ್ಟವರ ಕೈಯಲ್ಲಿದೆ. ಅಮೆರಿಕದಲ್ಲಿ ನಿಯಮ ಕೇಳುವುದು ಕನಿಷ್ಠ ಶೇ 25. ಅದರ ಮೇಲೆ ಎಷ್ಟು ಬೇಕಾದರೂ ಇಡುವ, ಯಾವಾಗ ಬೇಕಾದರೂ ಬದಲಿಸುವ ಹಕ್ಕು ಬ್ರೋಕರ್‌ಗೆ ಉಂಟು. ಪೇಟೆ ಶಾಂತವಾಗಿರುವಾಗ ಮಿತಿ ಸಡಿಲ. ಬೆಲೆ ಹುಚ್ಚಾಪಟ್ಟೆ ಓಡಾಡುವಾಗ ಸಾಲ ಮುಳುಗುವ ಭಯ ಅವರಿಗೂ ಇರುತ್ತದೆ, ಹಾಗಾಗಿ ಬಿಗಿ ಮಾಡುತ್ತಾರೆ. ನಿಮಗೆ ಉಸಿರಾಡಲು ಜಾಗ ಬೇಕಾದ ದಿನವೇ ಗೆರೆ ನಿಮ್ಮ ಕಡೆಗೆ ಸರಿಯುತ್ತದೆ. ಶೇ 40ರ ಮಿತಿಯಲ್ಲಿ ಅದೇ 10 ಲಕ್ಷ ಸಾಲಕ್ಕೆ ಮಾರ್ಜಿನ್ ಕಾಲ್ ಬರುವ ಮಟ್ಟ 16.67 ಲಕ್ಷ, ಬರೀ ಶೇ 16.7ರ ಕುಸಿತ. ಅದನ್ನು ಪೇಟೆ ಆಗಲೇ ದಾಟಿಯಾಗಿತ್ತು.

ಈಗ ದಾರಿ ಎರಡು. ನಗದು ತುಂಬುವುದಾದರೆ 1.6 ಲಕ್ಷ ಸಾಕು: ಸಾಲ 8.4 ಲಕ್ಷಕ್ಕೆ ಇಳಿದು ಸ್ವಂತ ಪಾಲು ಶೇ 40 ಆಗುತ್ತದೆ. ಮಾರಿ ಸರಿಪಡಿಸುವುದಾದರೆ 4 ಲಕ್ಷದ ಯೂನಿಟ್ ಮಾರಬೇಕು. ಮಾರಿದರೆ ಸಾಲದ ಜೊತೆಗೆ ಹೂಡಿಕೆಯೂ ಇಳಿಯುತ್ತದೆ, ಸ್ವಂತ ಪಾಲು ಮಾತ್ರ 4 ಲಕ್ಷವಾಗಿಯೇ ಉಳಿಯುತ್ತದೆ. ಆ 4 ಲಕ್ಷ ಒಟ್ಟಿನ ಶೇ 40 ಆಗಬೇಕಾದರೆ ಹೂಡಿಕೆ 10 ಲಕ್ಷಕ್ಕೆ ಇಳಿಯಲೇಬೇಕು. ನಗದಿನ ಎರಡೂವರೆ ಪಟ್ಟು ಮಾರಾಟ, ಅದೂ ಪೇಟೆ ಅತಿ ಕೆಟ್ಟಿರುವ ವಾರದಲ್ಲಿ.

ಇವರ ಬಳಿ 1.6 ಲಕ್ಷ ನಗದು ಇರಲಿಲ್ಲ. ಆರು ತಿಂಗಳ ಖರ್ಚಿಗೆಂದು ಬೇರೆ ಇಟ್ಟಿದ್ದ ದುಡ್ಡನ್ನು ‘ಬ್ಯಾಂಕಿನಲ್ಲಿ ಸುಮ್ಮನೆ ಕೂತಿದೆ’ ಎಂದು ಆ 10 ಲಕ್ಷಕ್ಕೇ ಸೇರಿಸಿಬಿಟ್ಟಿದ್ದರು. ಸಾಲ ತೆಗೆದದ್ದಕ್ಕಿಂತ ಇದು ದೊಡ್ಡ ತಪ್ಪು. ಸಂಬಳ ನಿಲ್ಲುವುದೂ ಪೇಟೆ ಬೀಳುವುದೂ ಬೇರೆ ಬೇರೆ ಕಾಲಕ್ಕೆ ಬರುತ್ತವೆ ಎಂದು ಎಣಿಸಬೇಡಿ. ಆರ್ಥಿಕ ಹಿಂಜರಿತದಲ್ಲಿ ಎರಡೂ ಒಟ್ಟಿಗೇ ಬರುತ್ತವೆ, 2020ರಲ್ಲಿ ಬಂದದ್ದೂ ಹಾಗೇ.

4 ಲಕ್ಷದ ಯೂನಿಟ್ ಹೋಯಿತು. ಉಳಿದದ್ದು 10 ಲಕ್ಷ ಹೂಡಿಕೆ, 6 ಲಕ್ಷ ಸಾಲ. ಮಾರ್ಚ್ 23ಕ್ಕೆ ಕುಸಿತ ಶೇ 34 ಮುಟ್ಟಿದಾಗ ಆ 10 ಲಕ್ಷ 9.43 ಲಕ್ಷವಾಗಿ, ಸ್ವಂತ ಪಾಲು ಮತ್ತೆ ಶೇ 40ರ ಕೆಳಗಿಳಿದು, ಇನ್ನೂ 86 ಸಾವಿರದ ಯೂನಿಟ್ ಮಾರಾಟವಾಯಿತು. ಆಗ ಉಳಿದ ಹೂಡಿಕೆ 8.57 ಲಕ್ಷ, ಸಾಲ 5.14 ಲಕ್ಷ. ಆಗಸ್ಟ್ ಹೊತ್ತಿಗೆ ಸೂಚ್ಯಂಕ ಹಳೆಯ ಮಟ್ಟಕ್ಕೆ ಬಂದಾಗ 8.57 ಲಕ್ಷ 12.99 ಲಕ್ಷವಾಯಿತು. ಸಾಲ ಕಳೆದರೆ ಸುಮಾರು 7.84 ಲಕ್ಷ. ಪೇಟೆ ಹೊರಟಲ್ಲಿಗೇ ಬಂದು ನಿಂತಿತ್ತು, ಖಾತೆಯಲ್ಲಿ 2.16 ಲಕ್ಷ ಇರಲಿಲ್ಲ. ಬಡ್ಡಿ ಇದರ ಮೇಲೆ. ಹಳೆಯ ಯೂನಿಟ್‌ಗಳು ಲಾಭದಲ್ಲಿದ್ದರೆ, ಅನೇಕ ದೇಶಗಳಲ್ಲಿ ಈ ಬಲವಂತದ ಮಾರಾಟದ ಲಾಭಕ್ಕೂ ತೆರಿಗೆ ಉಂಟು. ಮಿತಿ ಏರಿಸದೆ ಶೇ 30ಕ್ಕೇ ಬಿಟ್ಟಿದ್ದರೂ ಇದೇ ಲೆಕ್ಕದಲ್ಲಿ ಕೈಗೆ ಬರುತ್ತಿದ್ದದ್ದು 8.8 ಲಕ್ಷ, ಪೂರ್ತಿ 10 ಅಲ್ಲ. ತಳದಲ್ಲಿ ಮಾರಿದ ಯೂನಿಟ್‌ಗೆ ಆಮೇಲಿನ ಏರಿಕೆಯಲ್ಲಿ ಪಾಲಿಲ್ಲ.

2020 ಬೇಗ ಮುಗಿದ ಕುಸಿತ. 2007ರ ಅಕ್ಟೋಬರಿನಿಂದ 2009ರ ಮಾರ್ಚ್‌ವರೆಗೆ ಇದೇ ಸೂಚ್ಯಂಕ ಶೇ 57 ಬಿತ್ತು, ಹಳೆಯ ಮಟ್ಟಕ್ಕೆ ಬಂದದ್ದು 2013ರಲ್ಲಿ. ಅಂಥದ್ದರಲ್ಲಿ 20 ಲಕ್ಷ 8.6 ಲಕ್ಷವಾಗುತ್ತದೆ, 10 ಲಕ್ಷದ ಸಾಲಕ್ಕೂ ಸಾಲದು. ನಡುವೆಯೇ ಹಂತಹಂತವಾಗಿ ಮಾರುತ್ತಾ ಬರುತ್ತಾರೆ ನಿಜ. ಆದರೆ ಬೆಲೆ ಯಾವಾಗಲೂ ಮೆಟ್ಟಿಲಿಳಿಯುವುದಿಲ್ಲ, ಕೆಲವೊಮ್ಮೆ ಒಂದೇ ಸಲ ಹಾರುತ್ತದೆ. 2015ರ ಜನವರಿ 15ರಂದು ಸ್ವಿಸ್ ಕೇಂದ್ರೀಯ ಬ್ಯಾಂಕ್ ಯೂರೋಗೆ 1.20 ಫ್ರಾಂಕ್ ಎಂಬ ಕನಿಷ್ಠ ದರವನ್ನು ಕೈಬಿಟ್ಟಾಗ, ಸಾಲದ ಬಲದಲ್ಲಿ ಕರೆನ್ಸಿ ವ್ಯವಹಾರ ಮಾಡುತ್ತಿದ್ದ ಅನೇಕರ ಖಾತೆ ಶೂನ್ಯವನ್ನೂ ದಾಟಿ ಕೆಳಗಿಳಿಯಿತು. ಇಟ್ಟ ದುಡ್ಡು ಹೋಗಿ, ಮೇಲೆ ಬಾಕಿಯೂ ಉಳಿಯಿತು. ಅನೇಕ ಒಪ್ಪಂದಗಳಲ್ಲಿ ಆ ಬಾಕಿ ಗ್ರಾಹಕರ ತಲೆಗೇ ಬರುತ್ತದೆ.

ಆದ್ದರಿಂದ ಒಪ್ಪಂದವನ್ನು ತೆರೆದು ನಾಲ್ಕು ಸಂಗತಿ ಹುಡುಕಿ. ಮುನ್ಸೂಚನೆ ಇಲ್ಲದೆ ಮಿತಿ ಬದಲಿಸಬಹುದೇ? ಮಾರ್ಜಿನ್ ಕಾಲ್ ಮಾಡದೆಯೂ ಮಾರಬಹುದೇ? ಯಾವುದನ್ನು ಮಾರಬೇಕೆಂದು ಆರಿಸುವವರು ಯಾರು? ಮಾರಿದ ಮೇಲೂ ಸಾಲ ತೀರದಿದ್ದರೆ ಹೊಣೆ ಯಾರದು? ಸಾಮಾನ್ಯವಾಗಿ ಮೊದಲ ಎರಡಕ್ಕೆ ‘ಹೌದು’, ಮೂರನೆಯದಕ್ಕೆ ‘ಬ್ರೋಕರ್’, ನಾಲ್ಕನೆಯದಕ್ಕೆ ‘ನೀವು’ ಎಂದೇ ಇರುತ್ತದೆ. ಫೋನ್ ಮಾಡಿ ಗಡುವು ಕೊಡುವುದು ಅವರ ಸೌಜನ್ಯ. ಅದನ್ನು ಹಕ್ಕು ಎಂದು ನಂಬಬೇಡಿ.

ಸಾಲವೇ ತೆಗೆದಿಲ್ಲ ಎನ್ನುವವರೂ ಒಮ್ಮೆ ಸ್ಟೇಟ್‌ಮೆಂಟ್ ನೋಡಿಕೊಳ್ಳುವುದು ಒಳ್ಳೆಯದು. ಖಾತೆ ತೆರೆಯುವಾಗಲೇ ಮಾರ್ಜಿನ್ ಸೌಲಭ್ಯ, ಎಂದರೆ ಬ್ರೋಕರ್ ಸಾಲದಲ್ಲಿ ಕೊಳ್ಳುವ ಅವಕಾಶ, ಸೇರಿಕೊಂಡಿದ್ದರೆ, ನಗದಿಗಿಂತ ಹೆಚ್ಚು ಕೊಂಡದ್ದೆಲ್ಲ ಸದ್ದಿಲ್ಲದೆ ಸಾಲವಾಗುತ್ತದೆ. ನಗದು ಬಾಕಿಯ ಮುಂದೆ ಮೈನಸ್ ಚಿಹ್ನೆ ಇದ್ದರೆ, ಅಥವಾ ಬಡ್ಡಿ ಎಂದು ಚಿಕ್ಕ ಮೊತ್ತ ಕಡಿತವಾಗಿದ್ದರೆ, ಅದು ಸಾಲವೇ. ಸೌಲಭ್ಯವನ್ನು ತೆಗೆದುಹಾಕಲು ಲಿಖಿತವಾಗಿ ಕೇಳಿ.

‘ಮೂರು ಪಟ್ಟು’ ಎಂದು ಬರೆದುಕೊಂಡಿರುವ ಫಂಡ್‌ಗಳಲ್ಲಿ ಮಾರ್ಜಿನ್ ಕಾಲ್ ಇಲ್ಲ, ಆದರೆ ಸವೆತ ಇದೆ. ಅವು ಪ್ರತಿದಿನದ ಏರಿಳಿತವನ್ನು ಮೂರರಿಂದ ಗುಣಿಸುತ್ತವೆ. ಸೂಚ್ಯಂಕ ಒಂದು ದಿನ ಶೇ 10 ಬಿದ್ದು ಮರುದಿನ ಶೇ 11.1 ಏರಿದರೆ 100 ಮತ್ತೆ 100 ಆಗುತ್ತದೆ. ಮೂರು ಪಟ್ಟಿನ ಫಂಡ್ 100ರಿಂದ 70ಕ್ಕೆ ಇಳಿದು, ಶೇ 33.3 ಏರಿ 93ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಅಲ್ಲಾಡುವ ಪೇಟೆಯಲ್ಲಿ ತಿಂಗಳುಗಟ್ಟಲೆ ಇಟ್ಟುಕೊಳ್ಳುವ ವಸ್ತು ಅದಲ್ಲ.

ಈಗಾಗಲೇ ಸಾಲದಲ್ಲಿರುವವರು ಪೇಟೆ ಬೀಳುವವರೆಗೆ ಕಾಯಬೇಡಿ. ಹೊಸ ಹೂಡಿಕೆ ನಿಲ್ಲಿಸಿ, ತಿಂಗಳ ಉಳಿತಾಯವನ್ನು ಸಾಲಕ್ಕೆ ಕಟ್ಟಿ. ಶೇ 10ರ ಬಡ್ಡಿಯ ಸಾಲ ತೀರಿಸಿದರೆ ಖಚಿತವಾಗಿ ಶೇ 10 ಉಳಿಯುತ್ತದೆ, ಷೇರುಪೇಟೆ ಆ ಭರವಸೆ ಕೊಡುವುದಿಲ್ಲ. ಮಾರಿ ತೀರಿಸುವುದಾದರೆ ಅತಿ ಹೆಚ್ಚು ಏರಿಳಿಯುವ ಬಿಡಿ ಷೇರುಗಳಿಂದ ಶುರುಮಾಡಿ. ಮಿತಿ ಏರಿಸುವಾಗ ಬ್ರೋಕರ್ ಮೊದಲು ಕೈಯಿಡುವುದು ಅವುಗಳ ಮೇಲೇ. ಪೂರ್ತಿ ತೀರಿಸಲು ಆಗದಿದ್ದರೆ ಕನಿಷ್ಠ ಸಾಲವನ್ನು ಒಟ್ಟು ಮೌಲ್ಯದ ಐದನೇ ಒಂದು ಭಾಗಕ್ಕೆ ಇಳಿಸಿ. ಆಗ ಮಿತಿ ಶೇ 40 ಇದ್ದರೂ ಪೇಟೆ ಮೂರರಲ್ಲಿ ಎರಡು ಪಾಲು ಬೀಳುವವರೆಗೆ ಮಾರ್ಜಿನ್ ಕಾಲ್ ಬರುವುದಿಲ್ಲ. ಮಿತಿಯನ್ನು ಇನ್ನೂ ಏರಿಸಿದರೆ ಅಥವಾ ಒಂದೇ ಷೇರು ಹಿಡಿದಿದ್ದರೆ ಈ ಲೆಕ್ಕವನ್ನೂ ನಂಬಬೇಡಿ.

ಆರು ತಿಂಗಳ ಖರ್ಚಿನ ದುಡ್ಡು ಸಾಲ ಕೊಟ್ಟವರ ಕೈಗೆಟುಕದ ಬೇರೆ ಬ್ಯಾಂಕಿನಲ್ಲಿರಲಿ. ಬಡ್ಡಿ ಕಡಿಮೆ ಎಂದು ಚಿಂತಿಸಬೇಡಿ, ಅದು ಇರುವುದು ಬೆಳೆಯಲಿಕ್ಕಲ್ಲ. ‘ನಗದಿನಷ್ಟೇ ಭದ್ರ’ ಎನ್ನುವ ಫಂಡ್‌ಗಳಲ್ಲಿ ಅಷ್ಟನ್ನೂ ಇಡುವುದೂ ಬೇಡ. 2008ರ ಸೆಪ್ಟೆಂಬರಿನಲ್ಲಿ, ಅಮೆರಿಕದ ದೊಡ್ಡ ಹೂಡಿಕೆ ಬ್ಯಾಂಕ್ ಲೀಮನ್ ಬ್ರದರ್ಸ್ ದಿವಾಳಿಯಾದ ಮರುದಿನ, ಅಂಥ ಒಂದು ದೊಡ್ಡ ಫಂಡಾದ ರಿಸರ್ವ್ ಪ್ರೈಮರಿಯಲ್ಲಿ 1 ಡಾಲರಿನ ಯೂನಿಟ್ 97 ಸೆಂಟಿಗೆ ಇಳಿಯಿತು. 3 ಸೆಂಟಿನ ನಷ್ಟ ಹೇಗೋ ತಡೆಯಬಹುದಿತ್ತು. ದುಡ್ಡು ಬೇಕಾದಾಗ ಸಿಗದೆ ಕಾಯಬೇಕಾದದ್ದು ಜನರನ್ನು ಹೆಚ್ಚು ಕಾಡಿತು.

ಮಾರ್ಜಿನ್ ಕಾಲ್ ಬಂದೇಬಿಟ್ಟರೆ ಎಷ್ಟು ಮೊತ್ತ, ಎಷ್ಟು ಹೊತ್ತಿನೊಳಗೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಬ್ಯಾಂಕಿನಿಂದ ವರ್ಗಾಯಿಸಿದ ದುಡ್ಡು ಗಡುವಿನೊಳಗೆ ಮುಟ್ಟುತ್ತದೆಯೇ ಎಂದೂ ಕೇಳಿ. ಮುಟ್ಟದಿದ್ದರೆ ದುಡ್ಡು ದಾರಿಯಲ್ಲಿರುವಾಗಲೇ ಮಾರಾಟ ಆಗಿಹೋಗಬಹುದು. ಕ್ರೆಡಿಟ್ ಕಾರ್ಡಿನಿಂದಲೋ ಬೇರೆ ಸಾಲದಿಂದಲೋ ತುಂಬಬೇಡಿ, ಖರ್ಚಿನ ದುಡ್ಡನ್ನು ಮುಟ್ಟಬೇಡಿ. ಏನು ಮಾರಬೇಕೆಂದು ನೀವೇ ಆರಿಸಿ, ಮರುದಿನ ಮತ್ತೆ ಕಾಲ್ ಬರದಷ್ಟು ಒಂದೇ ಸಲ ಮಾರಿ. ಸಾಲ ಪೂರ್ತಿ ತೀರಿದ ಮೇಲೆ ಅಡಮಾನ ತಾನಾಗಿ ಬಿಡುಗಡೆಯಾಗಿದೆ ಎಂದುಕೊಂಡು ಬಿಡಬೇಡಿ. ಅರ್ಜಿ ಕೊಟ್ಟು, ಯೂನಿಟ್‌ಗಳ ಎದುರು ಅಡಮಾನದ ಗುರುತು ಹೋಗಿದೆಯೇ ಎಂದು ಖಾತೆ ತೆರೆದು ನೋಡಿ, ಸಾಲ ಮುಗಿದ ಪತ್ರ ಇಸಿದುಕೊಳ್ಳಿ.