ಊರ ಶಾಲೆ, ಪೇಟೆ ಶಾಲೆ: ನಮ್ಮ ಮನೆಯ ಲೆಕ್ಕ

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಊರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಮಗಳು ಐದು ವರ್ಷ ಓದಿದಳು. ಅವಳಿಗಿಂತ ಮೂರು ವರ್ಷ ಚಿಕ್ಕವನಾದ ಮಗನನ್ನು, ಮನೆಯವರ ಒತ್ತಾಯಕ್ಕೆ ಮಣಿದು, ಪೇಟೆಯ ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಗೆ ಸೇರಿಸಿದೆವು. ಎರಡು ವರ್ಷ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯನಾಗಿಯೂ ಇದ್ದುದರಿಂದ ಎರಡೂ ಕಡೆಯ ಹಣದ ದಾರಿಯನ್ನು ಹತ್ತಿರದಿಂದ ನೋಡಿದ್ದೇನೆ.

ಸರ್ಕಾರಿ ಶಾಲೆಗಳಿಗೆ ಸಮಗ್ರ ಶಿಕ್ಷಣ ಯೋಜನೆಯಿಂದ ಬರುವ ಶಾಲಾನುದಾನ, ದಾಖಲಾದ ಮಕ್ಕಳ ಸಂಖ್ಯೆಯನ್ನು ಆಧರಿಸಿ ನಿಗದಿಯಾಗುತ್ತದೆ. ಒಂಟಿಮನೆಗಳೇ ಹೆಚ್ಚಿರುವ ನಮ್ಮ ಕಡೆ ಶಾಲೆಗೆ ಇದ್ದದ್ದು ಹತ್ತೊಂಬತ್ತು ಮಕ್ಕಳು. ಹಾಗಾಗಿ ಅನುದಾನವೂ ಸಣ್ಣದು. ಮಲೆನಾಡಿನ ಮಳೆಯಾಗಲಿ, ಹೆಂಚು ಒಡೆಯುವ ಮಂಗಗಳಾಗಲಿ ಹಾಜರಿ ಪುಸ್ತಕ ನೋಡಿ ಬರುವುದಿಲ್ಲವಷ್ಟೆ. ಪ್ರತಿ ವರ್ಷ ಆ ಹಣದ ಬಹುಪಾಲು ಮಾಡಿನ ದುರಸ್ತಿಗೇ ಮುಗಿದು, ಸೀಮೆಸುಣ್ಣಕ್ಕೂ ಕಲಿಕಾ ಸಾಮಗ್ರಿಗೂ ಊರವರೇ ಕೈಯಿಂದ ಹಾಕುತ್ತಿದ್ದೆವು. ಆದರೂ 2009ರ ಶಿಕ್ಷಣ ಹಕ್ಕು ಕಾಯ್ದೆ 60 ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರನ್ನು ವಿಧಿಸಿರುವುದರಿಂದ, ಮಗಳ ಮೊದಲ ಮೂರು ವರ್ಷ ಇಬ್ಬರು ಕಾಯಂ ಶಿಕ್ಷಕಿಯರಿದ್ದರು. ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಕೂತು ಕಲಿಯುತ್ತಿದ್ದ ಆ ಕೋಣೆಯಲ್ಲಿ ಎರಡನೇ ವರ್ಷಕ್ಕೇ ಅವಳು ಕನ್ನಡ ಪತ್ರಿಕೆಯನ್ನು ತಡವರಿಸದೆ ಓದಿದಳು. ನಾಲ್ಕನೇ ತರಗತಿಯಲ್ಲಿ ಒಬ್ಬ ಶಿಕ್ಷಕಿ ವರ್ಗವಾಗಿ, ಅತಿಥಿ ಶಿಕ್ಷಕರು ಬರುವಷ್ಟರಲ್ಲಿ ಆಗಸ್ಟ್ ಆಗಿತ್ತು. ಭಾಗಾಕಾರದಲ್ಲಿ ಅವಳು ಹಿಂದೆ ಬಿದ್ದದ್ದು ಆ ಮಳೆಗಾಲದಲ್ಲಿ. ಮಾಡು ಸೋರಿದ ವರ್ಷಗಳಲ್ಲಿ ಅವಳ ಕಲಿಕೆ ನಿಂತಿರಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು.

ಮಗನಿಗೆ ವರ್ಷಕ್ಕೆ 28 ಸಾವಿರ ಶುಲ್ಕ, ವ್ಯಾನಿಗೆ ಬೇರೆ 14 ಸಾವಿರ. ಅಂದರೆ ನಾವು ಕೊಟ್ಟದ್ದರಲ್ಲಿ ಮೂರನೇ ಒಂದು ಭಾಗ ರಸ್ತೆಗೇ ಹೋಯಿತು. ಕಟ್ಟಡ ಚೆನ್ನಾಗಿತ್ತು, ಇಂಗ್ಲಿಷಿನಲ್ಲಿ ಮಾತನಾಡುವ ಧೈರ್ಯವೂ ಅವನಿಗೆ ಬಂತು; ಇದು ಸಣ್ಣ ಲಾಭವಲ್ಲ. ಆದರೆ ಸಂಬಳ ಸಾಲದೆಂದು ಗಣಿತದ ಶಿಕ್ಷಕರು ಎರಡು ವರ್ಷದಲ್ಲಿ ಮೂರು ಸಲ ಬದಲಾದರು, ಮತ್ತು ಪ್ರಶ್ನೆಯ ಇಂಗ್ಲಿಷ್ ಅರ್ಥವಾಗದೆ ಲೆಕ್ಕ ಬಿಡುವ ರೂಢಿ ಅವನಿಗೆ ಅಂಟಿತು.

ಐದನೇ ತರಗತಿಯಲ್ಲಿ ಇಬ್ಬರೂ ಗಾಜನೂರಿನಲ್ಲಿರುವ ಕೇಂದ್ರ ಸರ್ಕಾರದ ವಸತಿ ಶಾಲೆಯಾದ ನವೋದಯ ವಿದ್ಯಾಲಯದ ಪ್ರವೇಶ ಪರೀಕ್ಷೆ ಬರೆದರು. ಅಲ್ಲಿ ಶೇ 75ರಷ್ಟು ಸೀಟುಗಳಾದರೂ ಗ್ರಾಮೀಣ ಮಕ್ಕಳಿಗೆ ಮೀಸಲು. ಆದರೆ ಮೂರು, ನಾಲ್ಕು, ಐದನೇ ತರಗತಿಗಳನ್ನು ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಪೇಟೆ ಶಾಲೆಗೆ ಹಣ ಕಟ್ಟಿ ಮಗನನ್ನು ಆ ಪಾಲಿನಿಂದ ನಾವೇ ಹೊರಗಿಟ್ಟಿದ್ದೆವು. ಸೀಟು ಇಬ್ಬರಿಗೂ ಸಿಗಲಿಲ್ಲ. ಕನ್ನಡದಲ್ಲಿ ಬರೆದ ಮಗಳು ಭಾಗಾಕಾರದ ಪ್ರಶ್ನೆಗಳ ಹೊರತು ಉಳಿದವನ್ನೆಲ್ಲ ಬಿಡಿಸಿ ಬಂದಿದ್ದಳು. ಮಗ ಅಂಕಗಣಿತದ ಅರ್ಧ ಭಾಗವನ್ನು ಮುಟ್ಟಿಯೇ ಇರಲಿಲ್ಲ.

ಈ ಜೂನ್‌ನಿಂದ ಅವನು ಅಕ್ಕ ಓದುತ್ತಿರುವ ಸರ್ಕಾರಿ ಶಾಲೆಗೇ ಹೋಗುತ್ತಾನೆ. ಸೇರಿಸುವ ಮುನ್ನ ನಾನು ವಿಚಾರಿಸಿದ್ದು ಒಂದೇ ವಿಷಯ: ಗಣಿತಕ್ಕೆ ಕಾಯಂ ಶಿಕ್ಷಕರು ಇದ್ದಾರೆಯೇ ಎಂದು.