ಫಿಸಿಕ್ಸ್ ಶುರುಮಾಡಲು ಖಾನ್ ಅಕಾಡೆಮಿಯೋ, ಫೆಟ್ಟೋ?

ಡೊಂಬಿವಲಿಯಲ್ಲಿ ಕೂತು ಮಗಳ ಹನ್ನೊಂದನೇ ಕ್ಲಾಸಿನ ಕೋಚಿಂಗ್ ಫೀಸು ಲೆಕ್ಕ ಹಾಕುತ್ತಿದ್ದೀರಾ? ಮೊದಲು ಪುಕ್ಕಟೆ ಸಿಗುವ ಈ ಎರಡು ವೆಬ್‌ಸೈಟ್‌ಗಳನ್ನು ನೋಡಿಬಿಡಿ.

ಖಾನ್ ಅಕಾಡೆಮಿಯಲ್ಲಿ ಪಾಠವೆಲ್ಲ ಚಿಕ್ಕ ಚಿಕ್ಕ ವಿಡಿಯೋಗಳು. ಠಾಣೆಯಿಂದ ದಾದರ್ ಮುಟ್ಟುವುದರೊಳಗೆ ಒಂದೆರಡು ಮುಗಿಯುತ್ತವೆ (ಲೋಕಲ್‌ನಲ್ಲಿ ಕಾಲೂರಲು ಜಾಗ ಸಿಕ್ಕರೆ!). ಆಮೇಲೆ ಲೆಕ್ಕಗಳು. ಎಡವಿದರೆ ಸುಳಿವು ಕೊಡುತ್ತದೆ. ಕ್ರಮ ತಪ್ಪುವುದಿಲ್ಲ, ಆದರೆ ಸುಮ್ನೆ ನೋಡುತ್ತಾ ಕೂತರೆ ಎಲ್ಲ ಗೊತ್ತಾದಂತೆ ಅನಿಸಿಬಿಡುತ್ತದೆ.

ಫೆಟ್ (PhET) ಅಂದರೆ ಪರದೆಯ ಮೇಲೆ ನಾವೇ ಪ್ರಯೋಗ ಮಾಡಿ ನೋಡುವ ತಾಣ, ಇಲ್ಲಿ ಪಾಠ ಹೇಳುವವರೇ ಇಲ್ಲ. ನೊಬೆಲ್ ವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಇದನ್ನು ಶುರುಮಾಡಿದರು. ಅದರ ಒಂದು ಪ್ರಯೋಗದಲ್ಲಿ ಪರದೆಯ ಮೇಲೆ ಒಂದು ತೋಪು ಇರುತ್ತದೆ. ಅದರ ಎತ್ತರವನ್ನು ಸೊನ್ನೆಗಿಳಿಸಿ, 30 ಡಿಗ್ರಿಯಲ್ಲಿ ಗುಂಡು ಹಾರಿಸಿ. ಅದೇ ವೇಗದಲ್ಲಿ 60 ಡಿಗ್ರಿಗೆ ಹಾರಿಸಿ. ಎರಡೂ ಒಂದೇ ಜಾಗಕ್ಕೆ ಬೀಳುತ್ತವೆ! 45 ಡಿಗ್ರಿಯದು ಎಲ್ಲಕ್ಕಿಂತ ದೂರ. ಈಗ ಗಾಳಿಯ ತಡೆ ಆನ್ ಮಾಡಿ, ಲೆಕ್ಕವೆಲ್ಲ ಬದಲಾಗುತ್ತದೆ. ಯಾಕೆ ಅಂತ ಮಗಳೇ ಕೇಳುತ್ತಾಳೆ ನೋಡಿ. ಉತ್ತರ ಮಾತ್ರ ಬೇರೆ ಕಡೆ ಹುಡುಕಬೇಕು.

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಉಪನ್ಯಾಸಗಳೂ ಪುಕ್ಕಟೆಯೇ, ಆದರೆ ಕ್ಯಾಲ್ಕುಲಸ್ ಬೇಕು. ಸದ್ಯಕ್ಕೆ ಬಿಡಿ.

ಒಂದನ್ನೇ ಆರಿಸಬೇಕೆಂದರೆ ನಾನು ಖಾನ್ ಅನ್ನುತ್ತೇನೆ. ಲೆಕ್ಕ ಬರುತ್ತದೆ, ಆದರೆ ವಿಷಯ ತಲೆಗೆ ಹತ್ತುತ್ತಿಲ್ಲ ಅನ್ನುವವರಿಗೆ ಫೆಟ್ಟೇ ಸರಿ. ಬೋರ್ಡ್ ಪರೀಕ್ಷೆಯಲ್ಲಿ ಸೂತ್ರವನ್ನು ಹಂತ ಹಂತವಾಗಿ ಬರೆದು ತೋರಿಸಬೇಕಲ್ವಾ, ಆ ಅಭ್ಯಾಸಕ್ಕೆ ನೋಟ್‌ಬುಕ್ಕೇ ಗತಿ.