ಶೀರ್ಷಿಕೆ ಪುಟ: ಎಪಿಎ, ಎಂಎಲ್‌ಎ ಅಥವಾ ಶಿಕಾಗೊ?

ಕೊಣಾಜೆಯಲ್ಲಿ ಸ್ನಾತಕೋತ್ತರ ಓದುತ್ತಿರುವ ನೀವು ಸೆಮಿನಾರ್ ಪ್ರಬಂಧದ ಶೀರ್ಷಿಕೆ ಪುಟಕ್ಕೆ ಎಪಿಎ, ಎಂಎಲ್‌ಎ, ಶಿಕಾಗೊ ಎಂಬ ಮೂರು ಪ್ರಬಂಧ-ಬರವಣಿಗೆ ಶೈಲಿಗಳಲ್ಲಿ ಯಾವುದು ಸೂಕ್ತವೆಂದು ಕೇಳಿದ್ದೀರಿ. ಮಾರ್ಗದರ್ಶಕರು ಒಂದನ್ನು ಸೂಚಿಸಿದ್ದರೆ ಅದೇ ಅಂತಿಮ.

ಶ್ರಮದ ದೃಷ್ಟಿಯಿಂದ ಎಂಎಲ್‌ಎ ಹಗುರ. ಅದಕ್ಕೆ ಸಾಮಾನ್ಯವಾಗಿ ಪ್ರತ್ಯೇಕ ಶೀರ್ಷಿಕೆ ಪುಟವೇ ಬೇಡ. ಮೊದಲ ಪುಟದ ಎಡಮೇಲ್ಭಾಗದಲ್ಲಿ ನಿಮ್ಮ ಹೆಸರು, ಅಧ್ಯಾಪಕರ ಹೆಸರು, ಕೋರ್ಸ್ ಮತ್ತು ದಿನಾಂಕ ಬರೆದು, ಕೆಳಗೆ ಮಧ್ಯದಲ್ಲಿ ಶೀರ್ಷಿಕೆ ಕೊಟ್ಟರೆ ಸಾಕು. ಆದರೆ ಪ್ರತಿ ಪುಟದ ಮೇಲಿನ ಬಲತುದಿಯಲ್ಲಿ ಪುಟಸಂಖ್ಯೆಯ ಜೊತೆ ಕುಲನಾಮವೂ ಬೇಕು. ಶೆಟ್ಟಿ, ಕಾಮತ್ ಎಂದಿರುವವರಿಗೆ ಇದು ಸಲೀಸು. ಬರೀ ಇನಿಷಿಯಲ್ ಇರುವವರು ಏನು ಹಾಕಬೇಕೆಂದು ಮೊದಲೇ ಕೇಳಿಕೊಳ್ಳುವುದು ಮೇಲು.

ವಿಭಾಗ, ವಿಶ್ವವಿದ್ಯಾನಿಲಯಗಳ ಹೆಸರು ಎದ್ದು ಕಾಣಬೇಕಿದ್ದರೆ, ವಿಶೇಷವಾಗಿ ಮನಶ್ಶಾಸ್ತ್ರ, ಶಿಕ್ಷಣದಂಥ ವಿಷಯಗಳಲ್ಲಿ, ಎಪಿಎ ಒಳ್ಳೆಯದು. 2019ರ ಏಳನೇ ಆವೃತ್ತಿಯ ಪ್ರಕಾರ ವಿದ್ಯಾರ್ಥಿಗಳಿಗೆ ರನ್ನಿಂಗ್ ಹೆಡ್ (ಪ್ರತಿ ಪುಟದ ಮೇಲೆ ಬರುವ ಚುಟುಕು ಶೀರ್ಷಿಕೆ) ಕಡ್ಡಾಯವಲ್ಲ. ಮೇಲಿನಿಂದ ಮೂರು-ನಾಲ್ಕು ಸಾಲು ಬಿಟ್ಟು ದಪ್ಪಕ್ಷರದ ಶೀರ್ಷಿಕೆ, ಮೇಲೆ ಬಲಕ್ಕೆ ಪುಟಸಂಖ್ಯೆ 1. ಇತಿಹಾಸದವರಿಗೆ ಶಿಕಾಗೊ ಹೊಂದುತ್ತದೆ: ಶೀರ್ಷಿಕೆಯು ಪುಟದ ಮೇಲಿನಿಂದ ಮೂರನೇ ಒಂದು ಭಾಗದಷ್ಟು ಕೆಳಗೆ ಬರುತ್ತದೆ, ಆ ಪುಟದಲ್ಲಿ ಸಂಖ್ಯೆ ಕಾಣಿಸದು.

ಯಾವುದನ್ನೇ ಆರಿಸಿದರೂ ಎಂಟರ್ ಒತ್ತಿ ಒತ್ತಿ ಪುಟ ದಾಟಿಸದೆ ಪೇಜ್ ಬ್ರೇಕ್ ಬಳಸಿ. ಹಂಪನಕಟ್ಟೆಯ ಜೆರಾಕ್ಸ್ ಅಂಗಡಿಯೊಂದರಲ್ಲಿ ನನ್ನ ಕನ್ನಡ ಫಾಂಟ್ ಇಲ್ಲದೆ ಸಾಲುಗಳು ಜಾರಿ, ದಿನಾಂಕ ಎರಡನೇ ಪುಟದಲ್ಲಿ ಮುದ್ರಣವಾಗಿತ್ತು; ಅಂದಿನಿಂದ ಪಿಡಿಎಫ್ ಮಾಡಿಯೇ ಒಯ್ಯುತ್ತೇನೆ.